ಕತಕಾನ ಎಲ್ಲಿ ಬೇಕು, ಎಲ್ಲಿ ಬೇಡ: ನನ್ನ ಅನುಭವ

ಮೆಷಿನ್ ಮ್ಯಾನ್ಯುಯಲ್‌ಗಳನ್ನು ಜಪಾನಿ ಭಾಷೆಯಲ್ಲಿ ಬರೆದುಕೊಡುವುದು ನನ್ನ ಕೆಲಸ. ಜಪಾನಿಯಲ್ಲಿ ಮೂರು ಲಿಪಿ ಬೆರೆಯುತ್ತವೆ: ಚೀನಾ ಮೂಲದ ಕಾಂಜಿ, ಉಚ್ಚಾರವನ್ನಷ್ಟೇ ಬರೆಯುವ ಹಿರಗಾನ ಮತ್ತು ಕತಕಾನ. 'ಕತಕಾನದ ಹದ ಅಲ್ಲಿ ಹುಟ್ಟಿದವರಿಗೇ ಸಿಗೋದು, ಸುಮ್ನೆ ಒದ್ದಾಡಬೇಡ' ಎಂದು ಜೊತೆಯವರು ಹೇಳುತ್ತಲೇ ಇದ್ದರು. ಒಂದು ವರ್ಷದಿಂದ ನನ್ನ ಪ್ರತಿಗಳು ಕೆಂಪು ಗುರುತೇ ಇಲ್ಲದಷ್ಟು ಚೊಕ್ಕವಾಗಿ ವಾಪಸ್ ಬರುತ್ತಿವೆ. ಅದಕ್ಕೇ ಬರೆಯುತ್ತಿದ್ದೇನೆ.

ಹೊರಗಿನ ಭಾಷೆಯಿಂದ ಬಂದ ಪದಕ್ಕೆ ಕತಕಾನ ಅನ್ನುವ ಪಾಠ ನಿಮಗೆಲ್ಲ ಗೊತ್ತು. ಅದೊಂದನ್ನೇ ನಂಬಿದರೆ ಕೆಲಸ ಕೆಡುತ್ತದೆ. ಪೋರ್ಚುಗೀಸರ ಕಾಲದಲ್ಲಿ ಬಂದ ತಬಾಕೊ ಪದವನ್ನು ಜಪಾನಿನ ದೊಡ್ಡ ಸಿಗರೇಟು ಕಂಪನಿ ತನ್ನ ಹೆಸರಿನಲ್ಲಿ ಹಿರಗಾನದಲ್ಲೇ ಬರೆಯುತ್ತದೆ. ಕಸಕ್ಕೆ ಹೇಳುವ ಗೋಮಿ, ಗಾಯಕ್ಕೆ ಹೇಳುವ ಕೆಗಾ ಅಪ್ಪಟ ಜಪಾನಿ ಪದಗಳು. ಅವು ದಿನವೂ ಕತಕಾನದಲ್ಲಿ ಕಾಣುತ್ತವೆ, ಅಲ್ವಾ?

ದುಡ್ಡು ಹೋಗಿದ್ದು ಮಾತ್ರ ದೀರ್ಘದ ಗೆರೆಯಿಂದ, ಅಂದರೆ ಕತಕಾನದಲ್ಲಿ ಸ್ವರ ಎಳೆಯಲು ಹಾಕುವ 'ー' ಗುರುತಿನಿಂದ. ಫಿಲ್ಟರ್, ಕಂಪ್ಯೂಟರ್ ಥರದ ಪದಗಳ ಕೊನೆಯಲ್ಲಿ ಹಳೇ ಎಂಜಿನಿಯರಿಂಗ್ ಬರಹ ಆ ಗೆರೆ ಬಿಡುತ್ತಿತ್ತು. ಜಪಾನ್ ಸರ್ಕಾರದ 1991ರ ಅಧಿಸೂಚನೆ ಗೆರೆ ಹಾಕುವುದನ್ನೇ ಮುಖ್ಯ ರೂಢಿ ಮಾಡಿತು. ಮೈಕ್ರೋಸಾಫ್ಟ್ 2008ರಲ್ಲಿ ಆ ಕಡೆ ವಾಲಿತು. ಒಂದು ಪಂಪ್ ಕಂಪನಿಯಲ್ಲಿ ಡಿಸೈನ್‌ನವರು ಗೆರೆ ಬಿಡುವವರು, ಮಾರಾಟದವರು ಹಾಕುವವರು. ನಮಗೆ ಯಾರೂ ಮೊದಲೇ ಹೇಳಲಿಲ್ಲ. ಇನ್ನೂರು ಚಿಲ್ಲರೆ ಪುಟ ಎರಡು ಸಲ ತಿದ್ದಿದೆವು. ಹದಿನೈದು ಸಾವಿರದಷ್ಟು ಕೂಲಿ ಬರಲೇ ಇಲ್ಲ. ಈಗ ಗೆರೆ ಬೇಕೋ ಬೇಡವೋ ಅಂತ ಬರಹದಲ್ಲಿ ತರಿಸಿಕೊಳ್ಳದೆ ಫೈಲ್ ತೆರೆಯುವುದಿಲ್ಲ.

ಕೊನೆಗೆ ಫಲ ಕೊಟ್ಟ ದಾರಿ ಇದು. ಪದ ಎಲ್ಲಿಂದ ಬಂತು ಅಂತ ನೋಡುವುದನ್ನು ಬಿಟ್ಟು, ಅದರ ಅಕ್ಕಪಕ್ಕ ಏನಿದೆ ಅಂತ ನೋಡಲು ಶುರು ಮಾಡಿದೆ. ಜಪಾನಿಯಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ. ಲಿಪಿ ಬದಲಾದಾಗಲೇ ಕಣ್ಣಿಗೆ ಪದ ಬಿಡಿಯಾಗಿ ಕಾಣುತ್ತದೆ. ಸ್ಕ್ರೂಗೆ ಹೇಳುವ ನೇಜಿಯನ್ನೇ ತಗೊಳ್ಳಿ. ಸುತ್ತಲೂ ಹಿರಗಾನ ಇದ್ದರೆ ಅದು ಸಾಲಿನಲ್ಲಿ ಮುಳುಗಿಹೋಗುತ್ತದೆ, ಅಲ್ಲಿ ಕತಕಾನ ಹಾಕುತ್ತೇನೆ. ಜಪಾನಿನ ಕೈಗಾರಿಕಾ ಮಾನಕ ಜಿಸ್ (JIS) ಈ ಪದಕ್ಕೆ ಹಿರಗಾನ ಬಳಸುವುದರಿಂದ, ಅದರ ಮಾತನ್ನು ಎತ್ತಿ ಬರೆಯುವಾಗ ಮುಟ್ಟುವುದಿಲ್ಲ. ಆಯಿಲ್, ಫಿಲ್ಟರ್, ಕವರ್ ಮೂರೂ ಕತಕಾನ ಪದ ಒಟ್ಟಿಗೆ ಅಂಟಿಕೊಂಡರೆ ಕೊನೆಯದಕ್ಕೆ ಮುಂಚೆ ಹಿರಗಾನದ ಒಂದು 'ನೋ' (ನಮ್ಮ 'ದ', 'ಯ' ಪ್ರತ್ಯಯದಂಥದ್ದು) ಸೇರಿಸುತ್ತೇನೆ. 'ಚೆಕ್' ಇದ್ದ ಕಡೆ ತಪಾಸಣೆ ಎಂಬ ಅರ್ಥದ ಕಾಂಜಿಯ 'ತೆಂಕೆನ್' ತರುತ್ತೇನೆ. ಸಾಲು ತಕ್ಷಣ ಹಗುರಾಗುತ್ತದೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ದೋಷ ಹುಡುಕುವ ಪಟ್ಟಿಯಲ್ಲಿ ಕಿವಿಗೆ ಕೇಳುವ ಗತಗತ ಶಬ್ದವನ್ನು ಕತಕಾನದಲ್ಲಿ, ಮುಟ್ಟಿದರೆ ಜಾರುವ ನುರುನುರುವನ್ನು ಹಿರಗಾನದಲ್ಲಿ ಬರೆದೆ. ಶಬ್ದಕ್ಕೆ ಕತಕಾನ, ಸ್ಥಿತಿಗೆ ಹಿರಗಾನ ಎನ್ನುವುದು ಹಳೇ ರೂಢಿಯೇ. ಆದರೆ ಪಟ್ಟಿಯಲ್ಲಿ ಅದು ಇಷ್ಟು ಉಪಯೋಗಕ್ಕೆ ಬರುತ್ತದೆ ಅಂದುಕೊಂಡಿರಲಿಲ್ಲ. ಸರ್ವಿಸ್ ಎಂಜಿನಿಯರ್ ಒಬ್ಬರು ಫೋನ್ ಮಾಡಿ ಹೊಗಳಿದರು.

ಕಂಪನಿಯ ಹಳೇ ಕಾಗದಗಳಲ್ಲಿ ನಾನು ಮೊದಲು ನೋಡುವ ಪುಟ ಯಾವುದು ಅಂತ ಮಾತ್ರ ಹೇಳಲ್ಲ, ಅದು ನನ್ನ ಅನ್ನ. ಮುಂಚೆ ಬಿಲ್ಲಿನ ಮೂರನೇ ಒಂದು ಪಾಲು ಜಪಾನಿನ ತಿದ್ದುಗರಿಗೆ ಹೋಗುತ್ತಿತ್ತು. ಈಗ ಹತ್ತರಲ್ಲಿ ಒಂದು ಪಾಲೂ ಹೋಗುವುದಿಲ್ಲ. ಪುಟದ ದರವನ್ನೂ ಏರಿಸಿದ್ದೇನೆ.