ನಗ್ಗರ್‌ನ ರೋರಿಕ್ ಮನೆಗೆ ಒಂದು ಪೂರ್ತಿ ದಿನ

ಮನಾಲಿ ಪ್ಯಾಕೇಜ್‌ಗಳಲ್ಲಿ ನಗ್ಗರ್‌ಗೆ ಸಿಗುವುದು ಹೆಚ್ಚೆಂದರೆ ಒಂದು ಗಂಟೆ. ಕೋಟೆ ಮುಂದೆ ಗಾಡಿ ನಿಲ್ಲುತ್ತದೆ, ಫೋಟೊ ತೆಗೆಯುತ್ತಾರೆ, ಮುಂದಿನ ಜಾಗಕ್ಕೆ ಹೊರಡುತ್ತಾರೆ. ಆ ಕೋಟೆಯಿಂದ ಸುಮಾರು ಒಂದು ಕಿಲೋಮೀಟರ್ ಮೇಲೆ ಹತ್ತಿದರೆ ನಿಕೋಲಸ್ ರೋರಿಕ್ ಅವರ ಮನೆ ಸಿಗುತ್ತದೆ. ರಷ್ಯಾದಲ್ಲಿ ಹುಟ್ಟಿದ ಈ ಚಿತ್ರಕಾರ 1928ರಲ್ಲಿ ಸಂಸಾರ ಸಮೇತ ಇಲ್ಲಿಗೆ ಬಂದು ನೆಲೆಸಿದರು. ತೀರಿಕೊಂಡದ್ದೂ ಇದೇ ಮನೆಯಲ್ಲಿ, 1947ರ ಡಿಸೆಂಬರ್‌ನಲ್ಲಿ. ನಮ್ಮ ಮನಾಲಿ ಪ್ರವಾಸದಲ್ಲಿ ಈ ಮನೆಗೆಂದೇ ಒಂದು ಪೂರ್ತಿ ದಿನ ಎತ್ತಿಟ್ಟೆ. ಆ ದಿನವನ್ನು ಹೇಗೆ ಹೊಂದಿಸಿಕೊಂಡೆ ಅಂತ ಬರೆದರೆ ಹೋಗುವವರಿಗೆ ಉಪಯೋಗ ಆಗಬಹುದು.

ಜೊತೆಗೆ ಇದ್ದವರು ನನ್ನ ಸೋದರಮಾವ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಏರು ಹತ್ತಿದರೆ ಏದುಸಿರು ಬರುತ್ತದೆ, ಆದರೆ ಚಿತ್ರದ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತಾರೆ. ಇಡೀ ದಿನದ ಲೆಕ್ಕಾಚಾರ ಈ ಎರಡು ವಿಷಯದ ಮೇಲೆ ನಿಂತಿತ್ತು.

ತಯಾರಿ ಶುರುವಾದದ್ದು ಬೆಂಗಳೂರಿನಲ್ಲಿ. ರೋರಿಕ್ ಹೆಸರು ನಮ್ಮವರಿಗೆ ಹೊಸದೇನಲ್ಲ, ಅಲ್ವಾ? ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್ ಎಂದರೆ ತುಂಬ ಜನಕ್ಕೆ ಗೊತ್ತು. ಅಲ್ಲಿದ್ದ ಸ್ವೆಟೊಸ್ಲಾವ್ ರೋರಿಕ್ ಈ ನಿಕೋಲಸ್ ಅವರ ಕಿರಿಯ ಮಗ, ಅವರೂ ಚಿತ್ರಕಾರರೇ. ನಟಿ ದೇವಿಕಾ ರಾಣಿಯನ್ನು ಅವರು ಮದುವೆಯಾದದ್ದು 1945ರಲ್ಲಿ. ಮೊದಲು ಕುಲು ಕಣಿವೆಯಲ್ಲಿದ್ದು ಆಮೇಲೆ ಬೆಂಗಳೂರಿಗೆ ಬಂದ ಜೋಡಿ ಅದು. ಸ್ವೆಟೊಸ್ಲಾವ್ 1993ರಲ್ಲಿ, ದೇವಿಕಾ ರಾಣಿ 1994ರಲ್ಲಿ ಇಲ್ಲೇ ತೀರಿಕೊಂಡರು. ತಾತಗುಣಿಯ ಸುದ್ದಿ ಪೇಪರಿನಲ್ಲಿ ಬಂದಾಗಲೆಲ್ಲ ಆಸ್ತಿಯ ಗಲಾಟೆಯೇ ಮುಂದಿರುತ್ತದೆ. ಅವರ ಚಿತ್ರಗಳ ಬಗ್ಗೆ ಮಾತಾಡುವವರು ಕಡಿಮೆ. ನನಗೆ ಇದು ಬೇಜಾರಿನ ವಿಷಯ.

ಹಾಗಾಗಿ ಹೊರಡುವ ಮುಂಚೆ ಮಾವನನ್ನು ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಕರೆದುಕೊಂಡು ಹೋದೆ. ಅಲ್ಲಿ ರೋರಿಕ್ ಗ್ಯಾಲರಿ ಇದೆ, ಅಪ್ಪ ಮಗ ಇಬ್ಬರ ಚಿತ್ರಗಳನ್ನೂ ನೋಡಬಹುದು. ಬೆಂಗಳೂರಿನವರು ಯಾರೇ ನಗ್ಗರ್‌ಗೆ ಹೊರಟರೂ ಮೊದಲು ಇಲ್ಲಿ ಒಂದು ಗಂಟೆ ಕಳೆಯಲಿ ಎಂದು ನಾನು ಒತ್ತಿ ಹೇಳುತ್ತೇನೆ. ಬೆಟ್ಟವನ್ನು ನೋಡುವ ಮುಂಚೆ ಬೆಟ್ಟದ ಚಿತ್ರ ನೋಡಿದ್ದರೆ ಅಲ್ಲಿಗೆ ಹೋದಾಗ ಕಣ್ಣು ಬೇರೆ ಥರ ಕೆಲಸ ಮಾಡುತ್ತದೆ. ಮಾವ ಅವತ್ತು ಗೊಣಗಿದ್ದು ಒಂದೇ ಮಾತು: "ನೀಲಿ ಸ್ವಲ್ಪ ಜಾಸ್ತಿ ಆಯ್ತು ಅನ್ಸಲ್ವಾ?" ನಾನು ಏನೂ ಹೇಳಲಿಲ್ಲ.

ಇನ್ನು ದಿನದ ಆಯ್ಕೆ. ರೋರಿಕ್ ಮನೆ ಈಗ ಮ್ಯೂಸಿಯಂ, ಸೋಮವಾರ ಅದಕ್ಕೆ ರಜೆ. ಇದು ಗೊತ್ತಿಲ್ಲದೆ ಬಂದು ಗೇಟು ನೋಡಿ ವಾಪಸ್ ಹೋಗುವವರು ಇದ್ದೇ ಇರುತ್ತಾರೆ. ಭಾನುವಾರ ಜನ ಜಾಸ್ತಿ. ಬೆಳಗ್ಗೆ ಹತ್ತಕ್ಕೆ ತೆಗೆಯುತ್ತಾರೆ, ಒಂದರಿಂದ ಒಂದೂವರೆವರೆಗೆ ಊಟಕ್ಕೆ ಮುಚ್ಚುತ್ತಾರೆ. ಹನ್ನೆರಡೂವರೆಗೆ ಹೋಗಿ ನಿಂತರೆ ಅರ್ಧ ನೋಡುವಷ್ಟರಲ್ಲಿ ಹೊರಗೆ ಬರಬೇಕಾಗುತ್ತದೆ. ಅದಕ್ಕೇ ವಾರದ ನಡುವಿನ ದಿನ, ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಬೇಕು ಎಂದು ಗಟ್ಟಿ ಮಾಡಿಕೊಂಡೆ. ಇನ್ನೊಂದು ಕಾರಣವೂ ಇತ್ತು. ಆ ಕಡೆ ಬೆಟ್ಟಗಳು ಸ್ವಚ್ಛವಾಗಿ ಕಾಣುವುದು ಬೆಳಗ್ಗೆ. ಮಧ್ಯಾಹ್ನದ ಮೇಲೆ ಮೋಡ ಬಂದು ಕೂರುತ್ತದೆ. ರೋರಿಕ್ ಮನೆಗೆ ಹೋಗಿ ಬೆಟ್ಟ ಕಾಣದೆ ಬರುವುದರಲ್ಲಿ ಅರ್ಥವೇ ಇಲ್ಲ.

ಕಾಲ ಯಾವುದು ಎಂದರೆ, ಅಕ್ಟೋಬರ್. ಮಳೆ ಮುಗಿದು ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಮೇ, ಜೂನ್‌ನಲ್ಲಿ ಮನಾಲಿ ರಸ್ತೆಯಲ್ಲಿ ಗಾಡಿಗಳ ಸಾಲು ಕರಗುವುದೇ ಇಲ್ಲ. ಜುಲೈ, ಆಗಸ್ಟ್ ಬೇಡವೇ ಬೇಡ. 2023ರ ಜುಲೈನಲ್ಲಿ ಬಿಯಾಸ್ ನದಿ ಉಕ್ಕಿ ಕುಲು–ಮನಾಲಿ ನಡುವಿನ ಹೆದ್ದಾರಿಯನ್ನು ಅಲ್ಲಲ್ಲಿ ಕಿತ್ತುಕೊಂಡು ಹೋಗಿತ್ತು.

ಮನಾಲಿಯಿಂದ ನಗ್ಗರ್ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ದಾರಿ ಎರಡು. ಬಿಯಾಸ್‌ನ ಬಲದಂಡೆಯಲ್ಲಿ ಹೆದ್ದಾರಿ, ಅದು ಪತ್ಲಿಕುಹಲ್‌ವರೆಗೆ ಹೋಗುತ್ತದೆ. ಅಲ್ಲಿ ಸೇತುವೆ ದಾಟಿ ಮೇಲೆ ಹತ್ತಬೇಕು. ಇನ್ನೊಂದು ಎಡದಂಡೆಯ ರಸ್ತೆ, ಜಗತ್‌ಸುಖ್ ಮೇಲೆ ಹೋಗುತ್ತದೆ. ಕಿರಿದು, ತಿರುವು ಜಾಸ್ತಿ. ಆದರೆ ಸೇಬಿನ ತೋಟಗಳ ನಡುವೆ ಹಾದು ಹೋಗುತ್ತದೆ, ಹಳೇ ಮರದ ಮನೆಗಳು ಕಾಣುತ್ತವೆ. ಹೋಗುವಾಗ ಎಡದಂಡೆ, ಬರುವಾಗ ಹೆದ್ದಾರಿ ಎಂದು ತೀರ್ಮಾನಿಸಿದೆ. ಬಸ್ಸೂ ಇದೆ, ಆದರೆ ಅದು ಬಿಡುವುದು ಕೆಳಗೆ ಬಸ್ ಸ್ಟ್ಯಾಂಡಿನಲ್ಲಿ. ಅಲ್ಲಿಂದ ಕೋಟೆಗೆ ಒಂದು ಏರು, ಕೋಟೆಯಿಂದ ರೋರಿಕ್ ಮನೆಗೆ ಇನ್ನೊಂದು ಏರು. ಮಾವನ ಉಸಿರು ನೆನೆದು ಟ್ಯಾಕ್ಸಿ ಮಾಡಿದೆ.

ಟ್ಯಾಕ್ಸಿ ಮಾತಾಡುವಾಗ ಹಣದಷ್ಟೇ ಮುಖ್ಯವಾದದ್ದು ಹೊತ್ತು. ಹೆಚ್ಚಿನ ಡ್ರೈವರ್‌ಗಳ ತಲೆಯಲ್ಲಿ ನಗ್ಗರ್ ಎಂದರೆ ಅರ್ಧ ದಿನ, ಜೊತೆಗೆ ಎರಡು ಮೂರು ಶಾಲಿನ ಅಂಗಡಿ. ನಾನು ಹಿಂದಿನ ಸಂಜೆಯೇ ಕೂತು ಮಾತಾಡಿದೆ: "ಸಂಜೆವರೆಗೂ ಕಾಯಬೇಕು, ಅಂಗಡಿ ಬೇಡ, ಮೊದಲು ಎಲ್ಲೂ ನಿಲ್ಲಿಸದೆ ರೋರಿಕ್ ಮನೆ ತನಕ ಬಿಡಬೇಕು." ವೇಟಿಂಗ್ ಸೇರಿಸಿಯೇ ರೇಟು ಕೇಳಿದೆ. ಹೀಗೆ ಮುಂಚೆಯೇ ಬಿಡಿಸಿ ಹೇಳಿದರೆ ಆಮೇಲೆ ಇಬ್ಬರಿಗೂ ಕಿರಿಕಿರಿ ಇರುವುದಿಲ್ಲ.

ಎಲ್ಲರೂ ಮೊದಲು ಕೋಟೆ ನೋಡಿ ಆಮೇಲೆ ಮೇಲೆ ಹೋಗುತ್ತಾರೆ. ನಾವು ಉಲ್ಟಾ ಮಾಡಿದೆವು. ಮೇಲಿನವರೆಗೆ ಗಾಡಿಯಲ್ಲಿ ಹೋಗಿ ಇಳಿಜಾರಿನಲ್ಲಿ ನಡೆಯುತ್ತಾ ದೇವಸ್ಥಾನ, ಕೋಟೆ ನೋಡಿಕೊಂಡು ಕೆಳಗೆ ಬರುವುದು. ದಣಿಯುವ ಮೊದಲೇ ಚಿತ್ರಗಳನ್ನು ನೋಡಿದ ಹಾಗೂ ಆಯಿತು.

ಗೇಟಿನ ಒಳಗೆ ಹೋದ ಮೇಲೂ ಮೆಟ್ಟಿಲಿವೆ. ವಯಸ್ಸಾದವರಿದ್ದರೆ ನಿಧಾನ ಹತ್ತಿಸಿ, ಆತುರ ಬೇಡ. ಸುತ್ತ ದೇವದಾರು ಮರಗಳು. ಟಿಕೆಟ್ ತೆಗೆದುಕೊಂಡ ತಕ್ಷಣ ನಾವು ಒಳಗೆ ಹೋಗಲಿಲ್ಲ. ತೋಟದಲ್ಲಿ ನಿಂತು ಕಣಿವೆಯನ್ನೇ ಸುಮ್ನೆ ನೋಡಿದೆವು. ಕೆಳಗೆ ಬಿಯಾಸ್, ಅದರಾಚೆ ಒಂದರ ಹಿಂದೆ ಒಂದು ಬೆಟ್ಟದ ಸಾಲು. ಹತ್ತಿರದ್ದು ಕಪ್ಪು ಹಸಿರು, ಅದರ ಹಿಂದಿನದು ನೀಲಿ, ಅದಕ್ಕೂ ಹಿಂದಿನದು ನೇರಳೆ ಬೆರೆತ ತಿಳಿ ನೀಲಿ, ಕೊನೆಗೆ ಹಿಮ.

ಗ್ಯಾಲರಿ ಇರುವುದು ಮನೆಯ ಕೆಳ ಅಂತಸ್ತಿನಲ್ಲಿ. ಚಿಕ್ಕದು. ಓಡಿಕೊಂಡು ನೋಡಿದರೆ ಹತ್ತೇ ನಿಮಿಷ. ಫೋಟೊ ತೆಗೆಯುವ ಹಾಗಿಲ್ಲ, ಅದು ಒಳ್ಳೆಯದೇ ಆಯಿತು. ನಿಕೋಲಸ್ ಬದುಕಿನಲ್ಲಿ ಬರೆದ ಚಿತ್ರಗಳು ಸುಮಾರು 7,000 ಎನ್ನುತ್ತಾರೆ, ಇಲ್ಲಿರುವುದು ಅದರಲ್ಲಿ ಒಂದು ಹಿಡಿ ಅಷ್ಟೆ. ಮಾವ ನನಗೆ ಟೆಂಪೆರಾ ಬಗ್ಗೆ ಹೇಳಿದ್ದು ಇಲ್ಲೇ. ಬಣ್ಣದ ಪುಡಿಯನ್ನು ಎಣ್ಣೆಗೆ ಬೆರೆಸುವ ಬದಲು ಮೊಟ್ಟೆಯ ಹಳದಿ ಭಾಗದಂಥ ಅಂಟಿನಲ್ಲಿ ಕಲಸುತ್ತಾರೆ. ಬೇಗ ಒಣಗುತ್ತದೆ, ಎಣ್ಣೆ ಬಣ್ಣದ ಮಿರುಗು ಇರುವುದಿಲ್ಲ. ಪದರ ಪದರವಾಗಿ ಹಚ್ಚಿದಾಗ ಗೋಡೆಗೆ ಸುಣ್ಣದ ಬಣ್ಣ ಹೊಡೆದಂಥ ಒಣ ಮೈ ಬರುತ್ತದೆ. ಹಿಮಕ್ಕೂ ಮಂಜಿಗೂ ಹೇಳಿ ಮಾಡಿಸಿದ ಬಣ್ಣ ಅದು. ಬೆಟ್ಟ ಇಡೀ ಚಿತ್ರ ತುಂಬಿರುತ್ತದೆ, ಮನುಷ್ಯ ಇದ್ದರೆ ಎಲ್ಲೋ ಒಂದು ಮೂಲೆಯಲ್ಲಿ, ಹೆಬ್ಬೆರಳಿನಷ್ಟು. ಮಗ ಸ್ವೆಟೊಸ್ಲಾವ್ ಚಿತ್ರಗಳು ಪಕ್ಕದಲ್ಲಿದ್ದರೆ ವ್ಯತ್ಯಾಸ ಥಟ್ಟನೆ ಗೊತ್ತಾಗುತ್ತದೆ. ಅವರಿಗೆ ಮುಖ ಬೇಕು, ಮೈ ಬೇಕು, ಕೆಂಪು ಬೇಕು. ಭಾವಚಿತ್ರದಲ್ಲಿ ಎತ್ತಿದ ಕೈ.

ಮಾವ ಒಳಗೆ ನೋಡಿ, ಹೊರಗೆ ಹೋಗಿ ಬೆಟ್ಟ ನೋಡಿ, ಮತ್ತೆ ಒಳಗೆ ಬಂದರು. ಆಮೇಲೆ ನನ್ನನ್ನು ಕರೆದರು. "ನೀಲಿ ಜಾಸ್ತಿ ಹಾಕಿದಾರೆ ಅಂದಿದ್ನಲ್ಲ ಪುಟ್ಟಿ, ಹೊರಗೆ ನೋಡು. ಅಷ್ಟೂ ಅಲ್ಲೇ ಇದೆ." ಬೆಳಗ್ಗೆ ಬಂದದ್ದು ಸಾರ್ಥಕ ಎನಿಸಿತು.

ಮೇಲಂತಸ್ತಿನ ಕೋಣೆಗಳ ಒಳಗೆ ಬಿಡುವುದಿಲ್ಲ. ಸುತ್ತ ಇರುವ ಮರದ ಜಗಲಿಯಲ್ಲಿ ನಡೆಯುತ್ತಾ ಕಿಟಕಿಯ ಗಾಜಿನಿಂದ ನೋಡಬೇಕು. ತುಂಬ ಜನ ಒಂದು ಸಲ ಇಣುಕಿ "ಏನೂ ಕಾಣಲ್ಲ" ಎಂದು ಇಳಿದುಬಿಡುತ್ತಾರೆ. ಗಾಜಿನಲ್ಲಿ ಹೊರಗಿನ ಮರದ ನೆರಳು ಬಿದ್ದಿರುತ್ತದೆ, ಅದಕ್ಕೆ. ಹಣೆಯನ್ನು ಗಾಜಿನ ಹತ್ತಿರ ಇಟ್ಟು, ಎರಡೂ ಕೈ ಕಣ್ಣಿಗೆ ಮರೆ ಮಾಡಿ, ಒಂದರ್ಧ ನಿಮಿಷ ನಿಲ್ಲಿ. ಮೊದಲು ಮರದ ನೆಲ ಕಾಣುತ್ತದೆ, ಆಮೇಲೆ ಮೇಜು ಕುರ್ಚಿ, ಆಮೇಲೆ ಗೋಡೆಯ ಮೇಲಿನ ಚಿತ್ರ. ನಿಧಾನಕ್ಕೆ ಇಡೀ ಕೋಣೆ ಬೆಳಕಿಗೆ ಬರುತ್ತದೆ. 1942ರಲ್ಲಿ ಜವಾಹರಲಾಲ್ ನೆಹರೂ ಮಗಳು ಇಂದಿರಾ ಜೊತೆ ಬಂದು ಉಳಿದುಕೊಂಡ ಮನೆ ಇದು. ನೆಹರೂ ಭಾವಚಿತ್ರವನ್ನು ಸ್ವೆಟೊಸ್ಲಾವ್ ಬರೆದದ್ದು ಆಗಲೇ. ಮನೆಯ ಹಳೇ ಕಾರನ್ನೂ ಹಾಗೇ ಇಟ್ಟಿದ್ದಾರೆ, ಮಕ್ಕಳಿದ್ದರೆ ಅದನ್ನು ಮೊದಲು ತೋರಿಸಿ.

ಮನೆಯಿಂದ ಸ್ವಲ್ಪ ಕೆಳಗೆ ನಿಕೋಲಸ್ ಅವರ ಸಮಾಧಿ. ಗಾಡಿ ಹಿಡಿಯುವ ಆತುರದಲ್ಲಿ ಬಹಳ ಜನ ಇಲ್ಲಿಗೆ ಇಳಿಯುವುದೇ ಇಲ್ಲ. ದಯವಿಟ್ಟು ಇಳಿಯಿರಿ. ದೊಡ್ಡ ಬಂಡೆ, ಅದರ ಮೇಲೆ ಹಿಂದಿಯಲ್ಲಿ ಕೆತ್ತಿದ ಸಾಲು. ಭಾರತದ ಮಿತ್ರ, ಮಹರ್ಷಿ ಎಂದು ಕರೆದು, 1947ರ ಡಿಸೆಂಬರ್ 15ರಂದು ಇಲ್ಲೇ ದಹನವಾಯಿತು ಎಂದು ಬರೆದಿದೆ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 1874ರಲ್ಲಿ ಹುಟ್ಟಿ, 1913ರಲ್ಲಿ ಪ್ಯಾರಿಸ್‌ನಲ್ಲಿ ಗದ್ದಲ ಎಬ್ಬಿಸಿದ, ಸಂಗೀತಕಾರ ಸ್ಟ್ರಾವಿನ್‌ಸ್ಕಿಯ ಬ್ಯಾಲೆ ನೃತ್ಯಕ್ಕೆ ರಂಗಸಜ್ಜಿಕೆ ಮಾಡಿದ ಮನುಷ್ಯ. ಯುದ್ಧದಲ್ಲೂ ಮ್ಯೂಸಿಯಂ, ಶಾಲೆ, ಸ್ಮಾರಕಗಳನ್ನು ಯಾರೂ ಮುಟ್ಟಬಾರದು ಎಂದು ಓಡಾಡಿ, 1935ರಲ್ಲಿ ವಾಷಿಂಗ್ಟನ್‌ನಲ್ಲಿ ದೇಶದೇಶಗಳು ಆ ಬಗ್ಗೆ ಒಪ್ಪಂದಕ್ಕೆ ಸಹಿ ಹಾಕುವ ಹಾಗೆ ಮಾಡಿದವರು. ಇವತ್ತಿಗೂ ಯುದ್ಧದ ಸುದ್ದಿಯಲ್ಲಿ ಒಡೆದ ಮ್ಯೂಸಿಯಂ ನೋಡಿದಾಗ ನನಗೆ ಆ ಒಪ್ಪಂದ ನೆನಪಾಗುತ್ತದೆ.

ಟಿಕೆಟ್ ಬಿಸಾಡಬೇಡಿ. ಇನ್ನೂ ಸ್ವಲ್ಪ ಮೇಲಿರುವ ಉರುಸ್ವತಿ ಮ್ಯೂಸಿಯಂಗೂ ಅದೇ ನಡೆಯುತ್ತದೆ. ರೋರಿಕ್ ಕುಟುಂಬ 1928ರಲ್ಲಿ ಕಟ್ಟಿದ ಹಿಮಾಲಯ ಸಂಶೋಧನಾ ಸಂಸ್ಥೆ ಇದು. ಇಲ್ಲಿ ಬೆಟ್ಟದ ಗಿಡಮೂಲಿಕೆ, ಟಿಬೆಟಿನ ವೈದ್ಯ ಪದ್ಧತಿ, ಭಾಷೆ ಎಲ್ಲದರ ಅಧ್ಯಯನ ನಡೆಯುತ್ತಿತ್ತು. ಹಿರಿಯ ಮಗ ಜಾರ್ಜ್ ಟಿಬೆಟನ್ ಭಾಷೆಯ ದೊಡ್ಡ ವಿದ್ವಾಂಸ. ಈಗ ಅಲ್ಲಿ ಆ ಭಾಗದ ಉಡುಪು, ಪಾತ್ರೆ, ಕಲೆಯ ವಸ್ತುಗಳಿವೆ. ಅಲ್ಲಿಗೆ ಹೋಗುವ ಏರು ಕಡಿದು. ಮಾವ ಕೆಳಗೆ ಬೆಂಚಿನಲ್ಲಿ ಕೂತರು, ನಾನು ಒಬ್ಬಳೇ ಬೇಗ ಹೋಗಿ ಬಂದೆ. ಕೈಕಾಲು ಗಟ್ಟಿ ಇರುವವರು ಹೋಗಿ, ಇಲ್ಲದವರು ಬಿಟ್ಟರೆ ಕಳೆದುಕೊಳ್ಳುವುದು ಜಾಸ್ತಿ ಏನಿಲ್ಲ.

ಊಟಕ್ಕೆ ಸಿಡ್ಡು ತಿನ್ನಿ. ಗೋಧಿ ಹಿಟ್ಟನ್ನು ಹುದುಗು ಬರಿಸಿ, ಒಳಗೆ ಅಕ್ರೋಟು, ಗಸಗಸೆಯ ಹೂರಣ ಇಟ್ಟು ಹಬೆಯಲ್ಲಿ ಬೇಯಿಸುತ್ತಾರೆ. ಮೇಲೆ ತುಪ್ಪ ಸುರಿಯುತ್ತಾರೆ. ಬೇಯಲು ಹೊತ್ತು ಬೇಕು, ಅದಕ್ಕೇ ಕೂತ ಕೂಡಲೇ ಹೇಳಿಬಿಡಿ. ಮಾವ ಎರಡನೆಯದನ್ನೂ ಕೇಳಿದರು. ಕೈಯಲ್ಲಿ ಚಿಲ್ಲರೆ ನೋಟು ಇರಲಿ, ಬೆಟ್ಟದಲ್ಲಿ ನೆಟ್‌ವರ್ಕ್ ನಂಬಿಕೊಂಡು ಹೋಗುವುದು ಬೇಡ.

ಊಟ ಆದ ಮೇಲೆ ಇಳಿಜಾರು. ತ್ರಿಪುರ ಸುಂದರಿ ದೇವಸ್ಥಾನಕ್ಕೆ ಪಗೋಡದಂಥ ಮೂರು ಅಂತಸ್ತಿನ ಮರದ ಚಾವಣಿ. ಅಲ್ಲಿಂದ ಕೋಟೆ. ಈಗ ಅದು ಸರ್ಕಾರಿ ಹೋಟೆಲ್, ಆದರೂ ಟಿಕೆಟ್ ಕೊಂಡು ಒಳಗೆ ಹೋಗಬಹುದು. ಗೋಡೆಯ ಹತ್ತಿರ ಹೋಗಿ ನೋಡಿ: ಒಂದು ಸಾಲು ದೇವದಾರು ತೊಲೆ, ಅದರ ಮೇಲೆ ಒಂದು ಸಾಲು ಕಲ್ಲು, ಮತ್ತೆ ತೊಲೆ. ನಡುವೆ ಗಾರೆ ಇಲ್ಲ. ಕಾಠ್‌ಕುಣಿ ಎನ್ನುತ್ತಾರೆ. ನೆಲ ನಡುಗಿದಾಗ ಮರ ಮತ್ತು ಕಲ್ಲು ಸ್ವಲ್ಪ ಅಲುಗಾಡಿ ಮತ್ತೆ ಕೂತುಕೊಳ್ಳುತ್ತವೆ. 1905ರ ಕಾಂಗ್ರಾ ಭೂಕಂಪದಲ್ಲಿ ಈ ಕೋಟೆ ಉಳಿದದ್ದು ಹಾಗೆ.

ಸೋಮವಾರ ಬಿಟ್ಟು ಬೇರೆ ದಿನ ನಿಮಗೆ ಸಿಗದಿದ್ದರೆ ಕೋಟೆ, ದೇವಸ್ಥಾನಗಳಿಗೆ ಅರ್ಧ ದಿನ ಕೊಟ್ಟು ತೃಪ್ತಿಪಡಬಹುದು. ಆದರೆ ನನ್ನ ಕೇಳಿದರೆ ಸೋಲಂಗ್ ಕಣಿವೆಯನ್ನು ಆ ಸೋಮವಾರಕ್ಕೆ ಹಾಕಿ, ನಗ್ಗರ್‌ಗೆ ಮಂಗಳವಾರ ಬನ್ನಿ. ನಾವು ನಾಲ್ಕರ ಹೊತ್ತಿಗೆ ಕೋಟೆಯಿಂದ ಹೊರಟು ಪತ್ಲಿಕುಹಲ್ ಸೇತುವೆ ದಾಟಿದೆವು. ಹೆದ್ದಾರಿಯಲ್ಲಿ ಗಾಡಿಗಳು ಸ್ವಲ್ಪ ಕಟ್ಟಿಕೊಂಡಿದ್ದವು, ಆದರೂ ಕತ್ತಲಾಗುವ ಮುಂಚೆ ಮನಾಲಿ ಮುಟ್ಟಿದೆವು.