ಪೆನ್ ಡ್ರೈವ್ ಪಾಲು ಮಾಡುವುದು ಹೇಗೆ?

ಹಾಡು ಕೇಳೋಣವೆಂದು ಪೆನ್ ಡ್ರೈವ್ ಅನ್ನು ಟಿವಿಗೆ ಸಿಕ್ಕಿಸುತ್ತೀರಿ. ಹಾಡಿನ ಫೋಲ್ಡರ್ ಜತೆಗೇ ‘ಬ್ಯಾಂಕ್’, ‘ಆಸ್ತಿ ಪತ್ರ’, ‘ಮೆಡಿಕಲ್ ರಿಪೋರ್ಟ್’ ಎಲ್ಲವೂ ಪರದೆಯ ಮೇಲೆ ಸಾಲಾಗಿ ಬಂದು ನಿಲ್ಲುತ್ತವೆ. ಎದುರು ಕೂತವರೆಲ್ಲ ಓದುತ್ತಾರೆ. ಹಾಡಿಗೊಂದು, ಕಾಗದಪತ್ರಕ್ಕೊಂದು ಎಂದು ಎರಡು ಪೆನ್ ಡ್ರೈವ್ ಇಟ್ಟುಕೊಂಡರೆ ಇದು ತಪ್ಪುತ್ತದೆ. ಆದರೆ 64 ಜಿಬಿ, 128 ಜಿಬಿ ಪೆನ್ ಡ್ರೈವ್‌ಗಳೇ ಮಾಮೂಲಾಗಿರುವಾಗ ಕೈಯಲ್ಲಿರುವ ಒಂದನ್ನೇ ಪಾಲು ಮಾಡಿಕೊಳ್ಳುವುದು ಮೇಲು ಎನ್ನುವುದು ನನ್ನ ಅಭಿಪ್ರಾಯ. ಹತ್ತು ನಿಮಿಷದ ಕೆಲಸ.

ಪೆನ್ ಡ್ರೈವ್‌ನ ಆರಂಭದಲ್ಲೇ ಒಂದು ಪುಟ್ಟ ಕೋಷ್ಟಕ ಇರುತ್ತದೆ. ಇಲ್ಲಿಂದ ಇಲ್ಲಿಯವರೆಗೆ ಒಂದು ಭಾಗ, ಅಲ್ಲಿಂದ ಮುಂದಕ್ಕೆ ಇನ್ನೊಂದು ಎಂದು ಅದರಲ್ಲಿ ಬರೆದಿರುತ್ತದೆ. ಪಾರ್ಟಿಷನ್ ಮಾಡುವುದೆಂದರೆ ಆ ಕೋಷ್ಟಕವನ್ನು ತಿದ್ದುವುದು, ಅಷ್ಟೇ. ಕಂಪ್ಯೂಟರ್ ಅದನ್ನು ಓದಿ ಒಂದೇ ಪೆನ್ ಡ್ರೈವ್ ಅನ್ನು ‘ಇ’ ಮತ್ತು ‘ಎಫ್’ ಎಂಬ ಎರಡು ಡ್ರೈವ್‌ಗಳಾಗಿ ತೋರಿಸುತ್ತದೆ. ಒಳಗಿನ ಚಿಪ್ ಮಾತ್ರ ಒಂದೇ. ಅದು ಕೆಟ್ಟರೆ ಎರಡೂ ಭಾಗ ಒಟ್ಟಿಗೇ ಹೋಗುತ್ತವೆ. ಹಾಗಾಗಿ ಒಂದು ಭಾಗದಲ್ಲಿರುವ ಫೈಲ್‌ಗೆ ಇನ್ನೊಂದು ಭಾಗದಲ್ಲಿ ನಕಲು ಇಟ್ಟು ಅದನ್ನು ಬ್ಯಾಕಪ್ ಎಂದು ನಂಬಬೇಡಿ.

ಮೊದಲ ಭಾಗ ಯಾರಿಗೆ?

ಇದನ್ನು ಕೆಲಸಕ್ಕೆ ಕೈಹಾಕುವ ಮೊದಲೇ ನಿರ್ಧರಿಸಬೇಕು. ಟಿವಿ, ಕಾರಿನ ಸ್ಟೀರಿಯೊದಂಥ ಅನೇಕ ಸಾಧನಗಳು ಮೊದಲ ಪಾರ್ಟಿಷನ್ ಅನ್ನಷ್ಟೇ ಓದುತ್ತವೆ. ಹಳೆಯ ವಿಂಡೋಸ್ ಕೂಡ ಹಾಗೆಯೇ. ಪೆನ್ ಡ್ರೈವ್‌ನ ಎಲ್ಲ ಭಾಗಗಳನ್ನೂ ತೋರಿಸುವ ಸೌಲಭ್ಯ ಬಂದದ್ದು ವಿಂಡೋಸ್ 10ರ 1703ನೇ ಆವೃತ್ತಿಯಿಂದ, ಅಂದರೆ 2017ರಲ್ಲಿ. ವಿಂಡೋಸ್ 7 ಇರುವ ಕಂಪ್ಯೂಟರ್‌ಗೆ ಸಿಕ್ಕಿಸಿದರೆ ಎರಡನೆಯ ಭಾಗ ಕಾಣಿಸದು. ಫೈಲ್‌ಗಳು ಅಳಿಸಿಹೋದವೆಂದು ಗಾಬರಿಯಾಗಬೇಡಿ, ಅವು ಇದ್ದಲ್ಲೇ ಇರುತ್ತವೆ.

ಆದ್ದರಿಂದ ಎಲ್ಲ ಕಡೆ ತೆರೆದುಕೊಳ್ಳಬೇಕಾದದ್ದು ಮೊದಲ ಭಾಗದಲ್ಲಿರಲಿ, ನಿಮ್ಮ ಕಂಪ್ಯೂಟರ್‌ನಲ್ಲಷ್ಟೇ ಬೇಕಾದದ್ದು ಎರಡನೆಯದರಲ್ಲಿರಲಿ. ಪ್ರತಿ ಭಾಗಕ್ಕೂ ಒಂದು ಫೈಲ್ ಸಿಸ್ಟಂ, ಅಂದರೆ ಫೈಲ್‌ಗಳನ್ನು ಜೋಡಿಸಿಡುವ ಕ್ರಮ, ಆರಿಸಬೇಕು. ಹಾಡಿನ ಭಾಗಕ್ಕೆ ಎಫ್‌ಎಟಿ32 ಎಂಬ ಕ್ರಮ ಒಳ್ಳೆಯದು. ತೀರಾ ಹಳೆಯ ಸಾಧನಗಳೂ ಅದನ್ನು ಓದುತ್ತವೆ. ಆದರೆ 4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಫೈಲ್ ಅದರಲ್ಲಿ ಹಿಡಿಯದು. ಪೆನ್ ಡ್ರೈವ್ ವಿಂಡೋಸ್ ಮತ್ತು ಮ್ಯಾಕ್ ಎರಡರ ನಡುವೆಯೂ ಓಡಾಡುವುದಾದರೆ ಎರಡನೆಯ ಭಾಗಕ್ಕೆ ಎಕ್ಸ್‌ಫ್ಯಾಟ್ ಆರಿಸಿ. ವಿಂಡೋಸ್ ಮಾತ್ರ ಬಳಸುವವರಿಗೆ ಎನ್‌ಟಿಎಫ್‌ಎಸ್ ಸಾಕು. ಮ್ಯಾಕ್‌ನಲ್ಲಿ ಎನ್‌ಟಿಎಫ್‌ಎಸ್ ಫೈಲ್‌ಗಳನ್ನು ಓದಬಹುದು, ಹೊಸದಾಗಿ ಬರೆಯಲು ಬರುವುದಿಲ್ಲ.

ಈಗ ಕೆಲಸಕ್ಕೆ

ಮೊದಲು ಪೆನ್ ಡ್ರೈವ್‌ನಲ್ಲಿರುವುದನ್ನೆಲ್ಲ ಕಂಪ್ಯೂಟರ್‌ಗೆ ಕಾಪಿ ಮಾಡಿ. ಕಾಪಿ ಆದ ಮೇಲೆ ಎರಡು ಮೂರು ಫೈಲ್ ತೆರೆದು ನೋಡಿ. ಮುಂದಿನ ಹಂತದಲ್ಲಿ ಪೆನ್ ಡ್ರೈವ್ ಪೂರ್ತಿ ಖಾಲಿಯಾಗುತ್ತದೆ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಕಿಟಕಿಯ ಕೆಳಭಾಗದಲ್ಲಿ ಒಂದೊಂದು ಡಿಸ್ಕ್‌ಗೂ ಒಂದೊಂದು ಪಟ್ಟಿ ಕಾಣುತ್ತದೆ. ಇಲ್ಲಿ ನಿಧಾನಿಸಿ. ಒಮ್ಮೆ ನಾನು ‘ಡಿಸ್ಕ್ 1’ ಎಂಬ ಸಂಖ್ಯೆಯನ್ನಷ್ಟೇ ನಂಬಿ ಡಿಲೀಟ್ ಒತ್ತಿದ್ದೆ. ಅಳಿದದ್ದು ಪಕ್ಕದಲ್ಲೇ ಸಿಕ್ಕಿಸಿದ್ದ ಗೆಳೆಯರೊಬ್ಬರ ಹಾರ್ಡ್ ಡಿಸ್ಕ್‌ನ ಪಾರ್ಟಿಷನ್. ರಿಕವರಿ ತಂತ್ರಾಂಶದಿಂದ ಫೋಟೊಗಳಲ್ಲಿ ಬಹುಪಾಲು ವಾಪಸ್ ಸಿಕ್ಕವು, ಎಲ್ಲವೂ ಸಿಗಲಿಲ್ಲ. ಆ ಬೇಸರ ಇನ್ನೂ ಹೋಗಿಲ್ಲ. ಅಂದಿನಿಂದ ಈ ಕೆಲಸಕ್ಕೆ ಕೂರುವ ಮೊದಲು ಬೇರೆ ಎಲ್ಲ ಡ್ರೈವ್‌ಗಳನ್ನೂ ಕಿತ್ತಿಡುತ್ತೇನೆ. ನೀವೂ ಹಾಗೆಯೇ ಮಾಡಿ.

ಡಿಸ್ಕ್‌ನ ಗುರುತು ಹಿಡಿಯಬೇಕಾದದ್ದು ಗಾತ್ರದಿಂದ. ಎಡಗಡೆಯ ಬೂದು ಚೌಕದಲ್ಲಿ ‘ಡಿಸ್ಕ್ 1’, ಅದರ ಕೆಳಗೆ ‘ರಿಮೂವಬಲ್’, ಅದರ ಕೆಳಗೆ ಗಾತ್ರ ಇರುತ್ತದೆ. ಕೆಲವು ಪೆನ್ ಡ್ರೈವ್‌ಗಳು ‘ಬೇಸಿಕ್’ ಎಂದು ತೋರಿಸುವುದೂ ಉಂಟು. 64 ಜಿಬಿ ಎಂದು ಬರೆದಿದ್ದರೂ ಇಲ್ಲಿ 59 ಜಿಬಿಯ ಆಸುಪಾಸು ಕಾಣುತ್ತದೆ. ತಯಾರಕರು ಒಂದು ಜಿಬಿಯನ್ನು ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ವ್ಯತ್ಯಾಸ ಅಲ್ಲಿಂದ ಬಂದದ್ದು, ಮೋಸವಲ್ಲ. ಇನ್ನೂ ಅನುಮಾನವಿದ್ದರೆ ಪೆನ್ ಡ್ರೈವ್ ಕಿತ್ತು ನೋಡಿ. ಯಾವ ಪಟ್ಟಿ ಮಾಯವಾಯಿತೋ ಅದೇ ನಿಮ್ಮದು. ‘ಡಿಸ್ಕ್ 0’ ಸಾಮಾನ್ಯವಾಗಿ ವಿಂಡೋಸ್ ಇರುವ ಡಿಸ್ಕ್, ಅದರ ತಂಟೆಗೆ ಹೋಗಬೇಡಿ.

ಖಚಿತವಾದ ಮೇಲೆ ಪೆನ್ ಡ್ರೈವ್‌ನ ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಲೀಟ್ ವಾಲ್ಯೂಮ್’ ಒತ್ತಿ. ಇಲ್ಲಿ ವಾಲ್ಯೂಮ್ ಎಂದರೆ ನಾವು ಹೇಳುತ್ತಿರುವ ಭಾಗವೇ. ಅದೇ ಮೆನುವಿನಲ್ಲಿ ‘ಶ್ರಿಂಕ್ ವಾಲ್ಯೂಮ್’ ಎಂಬುದೂ ಇರುತ್ತದೆ. ಇದ್ದ ಫೈಲ್‌ಗಳನ್ನು ಉಳಿಸಿಕೊಂಡೇ ಜಾಗ ಬಿಡಿಸಿಕೊಡುವ ಸೌಲಭ್ಯ ಅದು. ಆದರೆ ಎನ್‌ಟಿಎಫ್‌ಎಸ್‌ಗೆ ಮಾತ್ರ ಅದು ನಡೆಯುತ್ತದೆ. ಪೆನ್ ಡ್ರೈವ್‌ಗಳು ಹೆಚ್ಚಾಗಿ ಎಫ್‌ಎಟಿ32 ಅಥವಾ ಎಕ್ಸ್‌ಫ್ಯಾಟ್‌ನಲ್ಲಿ ಬರುವುದರಿಂದ ಅಳಿಸಿ ಹೊಸದಾಗಿ ಕಟ್ಟುವುದೇ ದಾರಿ.

ಪಟ್ಟಿಯ ಮೇಲಂಚು ಕಪ್ಪಾಗಿ ‘ಅನ್‌ಅಲೊಕೇಟೆಡ್’, ಅಂದರೆ ಯಾವ ಭಾಗಕ್ಕೂ ಸೇರದ ಜಾಗ, ಎಂದು ಬರುತ್ತದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ನ್ಯೂ ಸಿಂಪಲ್ ವಾಲ್ಯೂಮ್’ ಆರಿಸಿ. ಗಾತ್ರ ಕೇಳುವ ಕಡೆ ಇಡೀ ಪೆನ್ ಡ್ರೈವ್‌ನ ಸಂಖ್ಯೆ ತಾನಾಗಿಯೇ ತುಂಬಿರುತ್ತದೆ. ‘ನೆಕ್ಸ್ಟ್’ ಒತ್ತುವ ಭರದಲ್ಲಿ ಅದನ್ನು ಹಾಗೇ ಬಿಟ್ಟರೆ ಮತ್ತೆ ಒಂದೇ ಭಾಗವಾಗುತ್ತದೆ. ಅಳಿಸಿ ನಿಮ್ಮ ಸಂಖ್ಯೆ ಬರೆಯಿರಿ. ಲೆಕ್ಕ ಎಂಬಿಯಲ್ಲಿರುವುದರಿಂದ 16 ಜಿಬಿ ಬೇಕಾದರೆ 16384 ಎಂದು ಹಾಕಬೇಕು. ಎಫ್‌ಎಟಿ32 ಬೇಕೆಂದರೆ ಈ ಭಾಗ 32 ಜಿಬಿ ದಾಟಬಾರದು, ದಾಟಿದರೆ ಈ ಕಿಟಕಿಯಲ್ಲಿ ಆ ಆಯ್ಕೆಯೇ ಕಾಣಿಸದು. ಡ್ರೈವ್ ಅಕ್ಷರವನ್ನು ಹಾಗೇ ಬಿಡಿ. ಫೈಲ್ ಸಿಸ್ಟಂ ಆರಿಸಿ, ‘ಹಾಡು’ ಎಂದೋ ಮತ್ತೇನೋ ಹೆಸರು ಕೊಟ್ಟು, ‘ಕ್ವಿಕ್ ಫಾರ್ಮ್ಯಾಟ್’ಗೆ ಟಿಕ್ ಹಾಕಿ ಮುಗಿಸಿ.

ಉಳಿದ ಕಪ್ಪು ಅಂಚಿನ ಜಾಗಕ್ಕೂ ಇದೇ ಕ್ರಮ. ಈ ಸಲ ಗಾತ್ರ ತಿದ್ದುವುದು ಬೇಡ. ಮೂರನೆಯ ಭಾಗವೂ ಬೇಕಿದ್ದರೆ ಮಾಡಬಹುದು, ಆದರೆ ದಿನಬಳಕೆಗೆ ಎರಡಕ್ಕಿಂತ ಹೆಚ್ಚು ಮಾಡಿದರೆ ಒಂದು ಕಡೆ ಜಾಗ ಸಾಲದೆ ಇನ್ನೊಂದು ಕಡೆ ಖಾಲಿ ಬಿದ್ದಿರುತ್ತದೆ.

ಲಿನಕ್ಸ್‌ನಲ್ಲಿ ಜಿಪಾರ್ಟೆಡ್ ಎಂಬ ಪಾರ್ಟಿಷನ್ ತಂತ್ರಾಂಶ ಬಳಸಿ. ಮೊದಲು ಪೆನ್ ಡ್ರೈವ್ ಅನ್ನು ‘ಅನ್‌ಮೌಂಟ್’ ಮಾಡಬೇಕು, ಅಂದರೆ ಕಿತ್ತುಹಾಕದೆಯೇ ಬಳಕೆಯಿಂದ ಬಿಡಿಸಬೇಕು. ಮೇಲಿನ ಟಿಕ್ ಗುರುತು ಒತ್ತುವವರೆಗೂ ಅದು ಪೆನ್ ಡ್ರೈವ್‌ನಲ್ಲಿ ಏನನ್ನೂ ಬದಲಿಸದು. ಅದರ ಈ ಗುಣ ನನಗೆ ತುಂಬ ಇಷ್ಟ. ಮ್ಯಾಕ್‌ನಲ್ಲಿ ‘ಡಿಸ್ಕ್ ಯುಟಿಲಿಟಿ’ ಇದೆ. ಅದರ ‘ವ್ಯೂ’ ಮೆನುವಿನಲ್ಲಿ ‘ಶೋ ಆಲ್ ಡಿವೈಸಸ್’ ಒತ್ತಿ, ಪೆನ್ ಡ್ರೈವ್‌ನ ಮೇಲಿನ ಸಾಲನ್ನು ಆರಿಸಿಕೊಂಡು ಮುಂದುವರಿಯಿರಿ.

ಬಳಸುವಾಗ

ಒಂದು ಭಾಗದಿಂದ ಇನ್ನೊಂದಕ್ಕೆ ಫೈಲ್ ಎಳೆದು ಹಾಕಿದರೆ ಅದು ಕಾಪಿಯಾಗುತ್ತದೆ. ಒಂದೇ ಚಿಪ್ ಓದುತ್ತ ಬರೆಯುತ್ತ ಹೋಗಬೇಕಾದ್ದರಿಂದ ದೊಡ್ಡ ಫೈಲ್‌ಗೆ ಸಮಯ ಹಿಡಿಯುತ್ತದೆ. ಪೆನ್ ಡ್ರೈವ್ ಸಿಕ್ಕಿಸಿದಾಗ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಸಂದೇಶ ಬಂದರೆ ‘ಕ್ಯಾನ್ಸಲ್’ ಒತ್ತಿ. ಆ ಕಂಪ್ಯೂಟರ್‌ಗೆ ನಿಮ್ಮ ಒಂದು ಭಾಗದ ಫೈಲ್ ಸಿಸ್ಟಂ ಗೊತ್ತಿಲ್ಲದಿದ್ದರೂ ಹಾಗೆ ಕೇಳುತ್ತದೆ.

ಎರಡನೆಯ ಭಾಗ ಟಿವಿಯಲ್ಲಿ ಕಾಣದಿದ್ದರೂ ಅದಕ್ಕೆ ಬೀಗ ಬಿದ್ದಿಲ್ಲ. ಹೊಸ ಕಂಪ್ಯೂಟರ್‌ಗೆ ಸಿಕ್ಕಿಸಿದ ಯಾರು ಬೇಕಾದರೂ ತೆರೆಯಬಹುದು. ಗುಟ್ಟಾಗಿರಬೇಕಾದ ಕಾಗದಪತ್ರವಿದ್ದರೆ ವೆರಾಕ್ರಿಪ್ಟ್‌ನಂಥ ಉಚಿತ ತಂತ್ರಾಂಶದಿಂದ ಆ ಭಾಗಕ್ಕೆ ಪಾಸ್‌ವರ್ಡ್ ಹಾಕಿ.

ಮುಂದೊಂದು ದಿನ ಮತ್ತೆ ಒಂದು ಮಾಡಬೇಕೆನಿಸಿದರೆ ಎರಡೂ ಭಾಗಗಳನ್ನು ‘ಡಿಲೀಟ್ ವಾಲ್ಯೂಮ್’ ಮಾಡಿ, ಗಾತ್ರದ ಸಂಖ್ಯೆ ಮುಟ್ಟದೆ ಒಂದೇ ಹೊಸ ವಾಲ್ಯೂಮ್ ಮಾಡಿ. ಆಗಲೂ ಅಷ್ಟೇ, ಮೊದಲು ಎಲ್ಲವನ್ನೂ ಬೇರೆಡೆಗೆ ಕಾಪಿ ಮಾಡಿಟ್ಟುಕೊಳ್ಳಿ.