ಸೇಫ್ಟಿ ರೇಜರ್: ಡಿಗ್ರಿ ಬಿಡಿ, ಸದ್ದು ಕೇಳಿ

ಎರಡೂ ಬದಿ ಹರಿತವಿರುವ ಒಂದೇ ಬ್ಲೇಡ್ ಹಾಕುವ ಸೇಫ್ಟಿ ರೇಜರ್ ಹೊಸದಾಗಿ ಕೊಂಡವರೆಲ್ಲ ಕೇಳುವ ಮೊದಲ ಪ್ರಶ್ನೆ, ಎಷ್ಟು ಡಿಗ್ರಿಯಲ್ಲಿ ಹಿಡಿಯಬೇಕು ಎಂದು. ಉತ್ತರವೂ ಎಲ್ಲ ಕಡೆ ಒಂದೇ ಸಿಗುತ್ತದೆ: ಬ್ಲೇಡಿಗೂ ಚರ್ಮಕ್ಕೂ ನಡುವೆ ಸುಮಾರು 30 ಡಿಗ್ರಿ. ತಪ್ಪೇನಲ್ಲ. ಆದರೆ ಮುಖದ ತುಂಬ ನೊರೆ ಹಚ್ಚಿಕೊಂಡು ಕನ್ನಡಿ ಮುಂದೆ ನಿಂತಾಗ ಆ ಉತ್ತರದಿಂದ ಕವಡೆಯಷ್ಟೂ ಪ್ರಯೋಜನವಿಲ್ಲ. ಬ್ಲೇಡಿನ ಅಂಚು ನೊರೆಯೊಳಗೆ ಮುಳುಗಿರುತ್ತದೆ. ಕಣ್ಣಿಗೆ ಕಾಣುವುದು ಹಿಡಿ ಮಾತ್ರ. ಹಿಡಿಯ ಕೋನವೇ ಬೇರೆ, ಬ್ಲೇಡಿನ ಕೋನವೇ ಬೇರೆ. ಎರಡೂ ಒಂದೇ ಎಂದುಕೊಂಡರೆ ಕೆನ್ನೆ ಉರಿಯುತ್ತದೆ, ಕತ್ತಿನ ಮೇಲೆ ಕೆಂಪು ಚುಕ್ಕೆಗಳು ಏಳುತ್ತವೆ.

ಹಾಗಾಗಿ ಕೋನವನ್ನು ಅಳೆಯಲು ಹೋಗಬೇಡಿ, ಹುಡುಕಿ. ಅದಕ್ಕೆ ಕಣ್ಣಿಗಿಂತ ಕಿವಿ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಮೊದಲು ರೇಜರ್ ಬಿಚ್ಚಿ ನೋಡಿ

ಬ್ಲೇಡ್ ಹಾಕದೆ ತಲೆಯ ಭಾಗವನ್ನು ಬಿಚ್ಚಿ. ಮೇಲೆ ಉಬ್ಬಿದ ಒಂದು ಕ್ಯಾಪ್ ಇದೆ. ಕೆಳಗೆ ಒಂದು ತಟ್ಟೆ. ತಟ್ಟೆಯ ಎರಡೂ ಬದಿಯಲ್ಲಿ ಉದ್ದಕ್ಕೆ ಒಂದು ಕಟ್ಟೆ. ಅದೇ ಸೇಫ್ಟಿ ಬಾರ್. ಕೆಲವು ರೇಜರ್‌ಗಳಲ್ಲಿ ಆ ಜಾಗದಲ್ಲಿ ಬಾಚಣಿಗೆಯ ಹಲ್ಲುಗಳಿರುತ್ತವೆ. ಬ್ಲೇಡ್ ಕೂರುವುದು ಕ್ಯಾಪ್ ಮತ್ತು ತಟ್ಟೆಯ ನಡುವೆ.

ಈ ಬ್ಲೇಡ್ ಸುಮಾರು 0.1 ಮಿಲಿಮೀಟರ್ ದಪ್ಪ, ಅಷ್ಟೇ. ಬರಿಗೈಯಲ್ಲಿ ಹಿಡಿದರೆ ಬಳುಕುತ್ತದೆ. ಹಿಡಿಯನ್ನು ತಿರುವಿ ಬಿಗಿ ಮಾಡಿದಾಗ ಕ್ಯಾಪಿನ ಆಕಾರಕ್ಕೆ ತಕ್ಕಂತೆ ಕಮಾನಾಗಿ ಬಾಗುತ್ತದೆ. ಬಾಗಿದ ಮೇಲೆಯೇ ಅದಕ್ಕೆ ಗಟ್ಟಿತನ ಬರುವುದು. ಕಿಂಗ್ ಕ್ಯಾಂಪ್ ಜಿಲೆಟ್‌ಗೆ 1904ರ ನವೆಂಬರ್‌ನಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿದ್ದು ಇಂಥ ತೆಳು ಬ್ಲೇಡಿನ ರೇಜರ್‌ಗೆ. ಅದರ ಹಿಂದಿನ ವರ್ಷ, ಅಂದರೆ ಮಾರಾಟದ ಮೊದಲ ವರ್ಷ, ಅವರ ಕಂಪನಿ ಮಾರಿದ್ದು ಬರೀ 51 ರೇಜರ್, 168 ಬ್ಲೇಡ್. ಆಮೇಲಿನದು ಗೊತ್ತೇ ಇದೆಯಲ್ಲ.

ಬ್ಲೇಡ್ ಬಾಗಿರುತ್ತದೆ ಎಂಬುದನ್ನು ಮರೆಯಬೇಡಿ. ಕಮಾನು ಜಾಸ್ತಿ ಇದ್ದರೆ ಅಂಚು ಚರ್ಮದಿಂದ ದೂರ, ಹಿಡಿಯ ಕಡೆಗೆ ತಿರುಗಿರುತ್ತದೆ. ಆಗ ಅಂಚು ಚರ್ಮಕ್ಕೆ ತಾಗಲು ಹಿಡಿಯನ್ನು ಇನ್ನಷ್ಟು ಇಳಿಸಬೇಕಾಗುತ್ತದೆ. ಬ್ಲೇಡನ್ನು ಹೆಚ್ಚು ಬಾಗಿಸದ ರೇಜರ್‌ನಲ್ಲಿ ಸ್ವಲ್ಪ ಇಳಿಸಿದರೆ ಸಾಕು. ಗೆಳೆಯರ ರೇಜರ್‌ಗೆ ಸರಿಹೋದ ಹಿಡಿತ ನಿಮ್ಮ ರೇಜರ್‌ಗೆ ಒಗ್ಗದಿರುವುದು ಇದರಿಂದಲೇ.

ಈಗ ಬ್ಲೇಡ್ ಹಾಕಿ. ಹರಿತವಿಲ್ಲದ ಎರಡು ಗಿಡ್ಡ ತುದಿಗಳನ್ನು ಹಿಡಿದುಕೊಂಡೇ ಹಾಕಬೇಕು. ಬಿಗಿ ಮಾಡಿದ ಮೇಲೆ ರೇಜರ್ ಅನ್ನು ಬೆಳಕಿಗೆ ಹಿಡಿದು, ತಲೆಯನ್ನು ಮೇಲಿನಿಂದ ನೇರವಾಗಿ ನೋಡಿ. ಕ್ಯಾಪಿನ ಎರಡೂ ಬದಿಯಲ್ಲಿ ಬ್ಲೇಡಿನ ಅಂಚು ಒಂದೇ ಅಳತೆಯಲ್ಲಿ ಇಣುಕುತ್ತಿದೆಯೇ? ಒಂದು ಬದಿಯಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ ಕಂಡರೆ ಸಡಿಲಿಸಿ, ಸರಿಪಡಿಸಿ, ಮತ್ತೆ ಬಿಗಿ ಮಾಡಿ. "ಈ ಕಡೆ ಚೆನ್ನಾಗಿ ಬರುತ್ತೆ, ಆ ಕಡೆ ತಿರುಗಿಸಿದ್ರೆ ಕಚ್ಚುತ್ತೆ" ಎನ್ನುವವರ ರೇಜರ್ ತೆಗೆದು ನೋಡಿದರೆ ಎಷ್ಟೋ ಸಲ ತಪ್ಪಿರುವುದು ಇಲ್ಲೇ. ಕೋನ ಎಷ್ಟೇ ಸರಿಯಾಗಿದ್ದರೂ ಬ್ಲೇಡ್ ಸೊಟ್ಟ ಕೂತಿದ್ದರೆ ಏನೂ ಮಾಡಲಾಗದು.

ಕೂದಲು ನೆನೆಯಲಿ

ಈ ಭಾಗವನ್ನು ಬೇಗ ಮುಗಿಸುತ್ತೇನೆ, ನೀವು ಮಾತ್ರ ಬೇಗ ಮುಗಿಸಬೇಡಿ. ಬೆಚ್ಚಗಿನ ನೀರಿನಲ್ಲಿ ಎರಡು ಮೂರು ನಿಮಿಷ ಗಡ್ಡ ನೆನೆದರೆ ಕೂದಲು ನೀರು ಹೀರಿ ಮೆತ್ತಗಾಗುತ್ತದೆ. ಕತ್ತರಿಸಲು ಬೇಕಾದ ಬಲ ತುಂಬ ಕಡಿಮೆಯಾಗುತ್ತದೆ. ಸ್ನಾನ ಮುಗಿಸಿ ಬಂದ ಕೂಡಲೇ ಶೇವ್ ಮಾಡಿದರೆ ಇನ್ನೂ ಒಳ್ಳೆಯದು. ನೊರೆ ಒದ್ದೆಯಾಗಿ, ಜಾರುವ ಹಾಗಿರಲಿ. ಒಣಗಿದ ನೊರೆಯ ಮೇಲೆ ಕೋನ ಹುಡುಕುವುದು ವ್ಯರ್ಥ. ಎಲ್ಲ ಕೋನವೂ ಕೆರೆದಂತೆಯೇ ಅನ್ನಿಸುತ್ತದೆ.

ಬೆರಳಿನಿಂದ ಗಡ್ಡ ಸವರಿ, ಕೂದಲು ಯಾವ ದಿಕ್ಕಿಗೆ ಬೆಳೆದಿದೆ ಎಂದು ಮೊದಲೇ ತಿಳಿದುಕೊಳ್ಳಿ. ನುಣ್ಣಗೆ ಜಾರುವ ಕಡೆ ಕೂದಲಿನ ಜಾಡು, ಒರಟಾಗಿ ತಡೆಯುವ ಕಡೆ ಎದುರು. ಕೆನ್ನೆಯಲ್ಲಿ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ. ಕತ್ತಿನಲ್ಲಿ ಹಾಗೆ ಹೇಳಲಾಗದು. ಅಡ್ಡ ಇರಬಹುದು, ಕೆಳಗಿನಿಂದ ಮೇಲಕ್ಕಿರಬಹುದು, ಸುಳಿಯೇ ಇರಬಹುದು.

ಕೆನ್ನೆಯ ಮೇಲೆ ಹುಡುಕಾಟ

ಕಲಿಯಲು ಕೆನ್ನೆಯಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ಸಾಕಷ್ಟು ಸಮತಟ್ಟಾಗಿದೆ, ಚರ್ಮ ಬಿಗಿ ಇದೆ, ಕನ್ನಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ರೇಜರ್ ಅನ್ನು ಹಿಡಿಯ ಕೆಳತುದಿಯ ಹತ್ತಿರ, ಬೆರಳ ತುದಿಗಳಲ್ಲಿ ಹಿಡಿಯಿರಿ. ಮುಷ್ಟಿ ಕಟ್ಟಬೇಡಿ. ಇನ್ನೊಂದು ಕೈಯಿಂದ ಕಿವಿಯ ಮುಂದಿನ ಚರ್ಮವನ್ನು ಮೇಲಕ್ಕೆ ಎಳೆದು ಬಿಗಿ ಮಾಡಿ.

ಈಗ ರೇಜರ್ ತಲೆಯನ್ನು ಕೆನ್ನೆಯ ಮೇಲೆ ಮಟ್ಟಸವಾಗಿ ಇಡಿ. ಹಿಡಿ ಕೆನ್ನೆಯಿಂದ ನೇರ ಹೊರಕ್ಕೆ ಚಾಚಿರಲಿ. ಈ ಸ್ಥಿತಿಯಲ್ಲಿ ಚರ್ಮಕ್ಕೆ ತಾಗಿರುವುದು ಕ್ಯಾಪ್ ಒಂದೇ. ಬ್ಲೇಡ್ ಚರ್ಮಕ್ಕೆ ಸಮಾನಾಂತರವಾಗಿ ಮಲಗಿದೆ. ಎಳೆದರೆ ಏನೂ ಕತ್ತರಿಸುವುದಿಲ್ಲ, ನೊರೆ ಸುಮ್ನೆ ಸರಿಯುತ್ತದೆ.

ಇಲ್ಲಿಂದ ಕೆಲಸ ಶುರು. ತಲೆಯನ್ನು ನಿಧಾನವಾಗಿ ಕೆಳಕ್ಕೆ, ಬೆರಳಗಲದಷ್ಟು ಎಳೆಯಿರಿ. ಎತ್ತಿ, ಮತ್ತೆ ಮೇಲಿಟ್ಟು, ಹಿಡಿಯನ್ನು ಒಂದಿಷ್ಟು ಕೆಳಗೆ ವಾಲಿಸಿ ಮತ್ತೆ ಎಳೆಯಿರಿ. ಮತ್ತೆ ಒಂದಿಷ್ಟು ವಾಲಿಸಿ. ಫ್ಯಾನ್, ರೇಡಿಯೋ, ನಲ್ಲಿ ಎಲ್ಲ ಬಂದ್ ಮಾಡಿಕೊಂಡಿರಿ. ಒಂದು ಹಂತದಲ್ಲಿ ನೊರೆ ಸರಿಯುವ ಮೆತ್ತನೆ ಸದ್ದಿನ ಜೊತೆಗೆ ಸಣ್ಣಗೆ ಕರಕರ ಸದ್ದು ಸೇರಿಕೊಳ್ಳುತ್ತದೆ. ಕೂದಲು ತುಂಡಾಗುವ ಸದ್ದು ಅದು. ಅಲ್ಲೇ ನಿಲ್ಲಿ. ನಿಮಗೆ ಬೇಕಾದ ಕೋನ ಇದೇ.

ಮುಂದೆ ಏನಾಗುತ್ತದೆ ಎಂಬ ಕುತೂಹಲಕ್ಕೆ ಹಿಡಿಯನ್ನು ಇನ್ನೂ ಇಳಿಸಿದಿರೋ, ಸದ್ದು ಬದಲಾಗುತ್ತದೆ. ಕರಕರ ಹೋಗಿ ಕೆರೆಯುವ ಸದ್ದು ಬರುತ್ತದೆ. ರೇಜರ್ ತಡವರಿಸಿದಂತೆ, ಅದುರಿದಂತೆ ಅನ್ನಿಸುತ್ತದೆ. ಈಗ ಕ್ಯಾಪ್ ಚರ್ಮ ಬಿಟ್ಟಿದೆ, ಸೇಫ್ಟಿ ಬಾರ್ ಮೇಲೆ ರೇಜರ್ ಓಡುತ್ತಿದೆ, ಬ್ಲೇಡ್ ಎದ್ದು ನಿಂತು ಕೂದಲಿನ ಜೊತೆ ಚರ್ಮದ ಮೇಲ್ಪದರವನ್ನೂ ಎತ್ತುತ್ತಿದೆ. ಶೇವಿಂಗ್ ಆದ ಮೇಲಿನ ಉರಿ ಬಹುಮಟ್ಟಿಗೆ ಇಲ್ಲಿಂದಲೇ ಬರುವುದು.

ಕತ್ತರಿಸುವ ಕೋನ ಅಂದರೆ ಒಂದು ಗೆರೆಯಲ್ಲ, ಒಂದು ಪಟ್ಟಿ. ಆ ಪಟ್ಟಿಯ ಕ್ಯಾಪಿನ ಕಡೆಯ ತುದಿಯಲ್ಲಿ ಶೇವಿಂಗ್ ಸೌಮ್ಯ, ಬಾರ್ ಕಡೆಯ ತುದಿಯಲ್ಲಿ ಖಡಕ್ಕು. ಹಳಬರಲ್ಲಿ ಬಾರ್ ಕಡೆಗೆ ವಾಲಿಸಿಯೇ ನುಣ್ಣಗೆ ಶೇವ್ ಮಾಡುವವರು ಇದ್ದಾರೆ, ಅವರ ಕೈ ಪಳಗಿದೆ. ಹೊಸಬರು ಕ್ಯಾಪನ್ನೇ ನಂಬಿ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ಕ್ಯಾಪಿನ ಕಡೆ ತಪ್ಪಿದರೆ ಕೂದಲು ಉಳಿಯುತ್ತದೆ, ಇನ್ನೊಮ್ಮೆ ನೊರೆ ಹಚ್ಚಿದರಾಯಿತು. ಬಾರ್ ಕಡೆ ತಪ್ಪಿದರೆ ಚರ್ಮ ಹೋಗುತ್ತದೆ.

ಒತ್ತುವ ಚಾಳಿ ಬಿಡಿ

ಬ್ಲೇಡ್ ಕೂಡಿಸಿದ ತಲೆಯನ್ನೇ ಬದಲಿಸುವ ಕಾರ್ಟ್ರಿಜ್ ರೇಜರ್‌ನಿಂದ ಬಂದವರಿಗೆ ಇದೇ ದೊಡ್ಡ ತೊಡಕು. 1977ರಲ್ಲಿ ಜಿಲೆಟ್‌ನ ಅಟ್ರಾ ಬಂದಾಗಿನಿಂದ ರೇಜರ್ ತಲೆ ತಾನೇ ತಿರುಗಿ ಮುಖಕ್ಕೆ ಹೊಂದಿಕೊಳ್ಳುವುದು ಮಾಮೂಲಾಗಿದೆ. ಕೋನವನ್ನು ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ. ನೀವು ಮಾಡಬೇಕಾದ್ದು ತಲೆ ಮುಖಕ್ಕೆ ಅಂಟಿಕೊಳ್ಳುವಂತೆ ಒತ್ತುವುದು, ಎಳೆಯುವುದು. ಆ ಅಭ್ಯಾಸ ಕೈಯಲ್ಲಿ ಉಳಿದುಬಿಟ್ಟಿದೆ.

ಸೇಫ್ಟಿ ರೇಜರ್‌ನಲ್ಲಿ ಒತ್ತಿದರೆ ಕೋನವೇ ಕೆಡುತ್ತದೆ. ಒತ್ತಿದಾಗ ಕ್ಯಾಪ್ ಮತ್ತು ಬಾರ್ ನಡುವಿನ ಸಂದಿಗೆ ಚರ್ಮ ಉಬ್ಬಿ ಬರುತ್ತದೆ. ಉಬ್ಬಿದ ಚರ್ಮಕ್ಕೆ ಬ್ಲೇಡ್ ತಾಗುವ ಓರೆ ಬೇರೆಯೇ ಆಗುತ್ತದೆ. ಹಿಡಿ ಮಾತ್ರ ಅದೇ ಜಾಗದಲ್ಲಿರುವುದರಿಂದ ಎಲ್ಲ ಸರಿಯಾಗಿದೆ ಎಂದುಕೊಂಡಿರುತ್ತೀರಿ. ಲೋಹದ ರೇಜರ್ ತಲೆಗೆ ತನ್ನದೇ ತೂಕ ಇರುತ್ತದೆ. ಆ ತೂಕ ಚರ್ಮದ ಮೇಲೆ ಕೂತರೆ ಸಾಕು. ಕೆಳಗಿನಿಂದ ಮೇಲಕ್ಕೆ ಎಳೆಯುವಾಗ ತೂಕ ಸಹಾಯಕ್ಕೆ ಬರುವುದಿಲ್ಲ. ಆಗ ಬೆರಳುಗಳು ತಲೆಯನ್ನು ಚರ್ಮದ ಮೇಲೆ ತಾಗಿಸಿ ಹಿಡಿದರಾಯಿತು, ಅದಕ್ಕಿಂತ ಹೆಚ್ಚು ಬೇಡ.

ಎಳೆತ ಚಿಕ್ಕದಿರಲಿ, ಎರಡು ಮೂರು ಸೆಂಟಿಮೀಟರ್. ಮಣಿಕಟ್ಟು ಅಲುಗದಿರಲಿ, ಚಲನೆ ಮೊಣಕೈಯಿಂದ ಬರಲಿ. ಮಣಿಕಟ್ಟು ತಿರುಗಿದರೆ ಎಳೆತದ ಆರಂಭದಲ್ಲಿದ್ದ ಕೋನ ಕೊನೆಯಲ್ಲಿ ಇರುವುದಿಲ್ಲ. ಒಂದು ಮಾತು ಮಾತ್ರ ಯಾವತ್ತೂ ಮರೆಯಬಾರದು: ಬ್ಲೇಡ್ ಚರ್ಮಕ್ಕೆ ತಾಗಿರುವಾಗ ರೇಜರ್ ಅನ್ನು ಅಂಚಿನ ಉದ್ದಕ್ಕೆ, ಅಡ್ಡಡ್ಡ ಸರಿಸಬೇಡಿ. ಅದು ಶೇವಿಂಗ್ ಅಲ್ಲ, ಕೊಯ್ತ.

ಮುಖ ತಿರುಗಿದಲ್ಲಿ ಹಿಡಿಯೂ ತಿರುಗಲಿ

ಕೆನ್ನೆಯಲ್ಲಿ ಕಲಿತದ್ದು ದವಡೆಗೆ ಬಂದಾಗ ಕೈಕೊಡುತ್ತದೆ. ಕಾರಣ ಸರಳ. ಕೋನ ಇರಬೇಕಾದ್ದು ಚರ್ಮಕ್ಕೂ ಬ್ಲೇಡಿಗೂ ನಡುವೆ. ನೆಲಕ್ಕೂ ಹಿಡಿಗೂ ಅಲ್ಲ, ಕನ್ನಡಿಗೂ ಹಿಡಿಗೂ ಅಲ್ಲ. ದವಡೆಯ ಮೂಳೆ ದಾಟಿದ ಕೂಡಲೇ ಚರ್ಮ ಒಳಕ್ಕೆ ತಿರುಗುತ್ತದೆ. ಹಿಡಿ ಹಾಗೇ ಇದ್ದರೆ ತಲೆ ಚರ್ಮ ಬಿಟ್ಟು ಗಾಳಿಯಲ್ಲಿ ಹೋಗುತ್ತದೆ, ಇಲ್ಲವೇ ಮೂಳೆಯ ಏಣಿನ ಮೇಲೆ ಕಚ್ಚುತ್ತದೆ. ಅಲ್ಲಿ ನಿಂತು, ಕ್ಯಾಪನ್ನು ಮತ್ತೆ ಮಟ್ಟಸವಾಗಿಟ್ಟು, ಹಿಡಿಯನ್ನು ವಾಲಿಸಿ ಕರಕರ ಸದ್ದು ಹುಡುಕಬೇಕು. ಹೊಸ ಜಾಗ, ಹೊಸ ಹುಡುಕಾಟ.

ಎಳೆಯುವ ದಿಕ್ಕಿಗೇ ಹಿಡಿ ವಾಲಿರಬೇಕು ಎಂಬುದು ಎಲ್ಲೆಡೆ ಅನ್ವಯಿಸುತ್ತದೆ. ಕೆಳಕ್ಕೆ ಎಳೆಯುವಾಗ ಹಿಡಿ ಕೆಳಗೆ, ಮೇಲಕ್ಕೆ ಎಳೆಯುವಾಗ ಮೇಲೆ, ಅಡ್ಡಕ್ಕೆ ಎಳೆಯುವಾಗ ಆ ಬದಿಗೆ. ಕತ್ತಿನಲ್ಲಿ ಮೇಲಕ್ಕೆ ಎಳೆಯುವಾಗ ತುಂಬ ಜನ ಹಿಡಿಯನ್ನು ಕೆಳಗೇ ಬಿಟ್ಟು ತಳ್ಳುತ್ತಾರೆ. ಬ್ಲೇಡ್ ತಾಗುವುದೇ ಇಲ್ಲ, ಆಮೇಲೆ ಒತ್ತುತ್ತಾರೆ.

ಇನ್ನೊಂದು ಉಪಾಯವೆಂದರೆ ರೇಜರ್ ತಿರುಗಿಸುವ ಬದಲು ಚರ್ಮವನ್ನೇ ಸಮತಟ್ಟು ಮಾಡಿಕೊಳ್ಳುವುದು. ಕೆನ್ನೆಯ ಚರ್ಮವನ್ನು ಮೇಲಕ್ಕೆ ಎಳೆದರೆ ದವಡೆಯ ಅಂಚಿನ ಕೂದಲು ಕೆನ್ನೆಯ ಮಟ್ಟಸ ಜಾಗಕ್ಕೆ ಬರುತ್ತದೆ, ಅಲ್ಲೇ ತೆಗೆಯಬಹುದು. ಗದ್ದದ ಕೆಳಗಿನ ಭಾಗಕ್ಕೆ ನಿಮ್ಮ ತಲೆಯನ್ನು ಹಿಂದಕ್ಕೆ ಚೆಲ್ಲಿ. ಗಂಟಲ ಗಂಟಿನ ಮೇಲೆ ನೇರವಾಗಿ ಎಳೆಯಲು ಹೋಗಬೇಡಿ. ಅಲ್ಲಿಯ ಚರ್ಮವನ್ನು ಬೆರಳಿನಿಂದ ಪಕ್ಕಕ್ಕೆ ಎಳೆದುಕೊಂಡು, ಗಂಟು ಇಲ್ಲದ ಕಡೆ ಶೇವ್ ಮಾಡಿ.

ಮೇಲ್ದುಟಿಯಲ್ಲಿ ಜಾಗವೇ ಕಡಿಮೆ, ಮೇಲಿಂದ ಮೂಗು ಅಡ್ಡ. ತುಟಿಯನ್ನು ಹಲ್ಲಿನ ಮೇಲೆ ಕೆಳಕ್ಕೆ ಬಿಗಿ ಹಿಡಿದು, ಮೂಗಿನ ತುದಿಯನ್ನು ಬೆರಳಿನಿಂದ ಸ್ವಲ್ಪ ಎತ್ತಿ. ಎಳೆತ ಒಂದು ಸೆಂಟಿಮೀಟರ್ ಮೀರದಿರಲಿ. ಮೂಗಿನ ಬುಡದ ನಾಲ್ಕು ಕೂದಲಿಗಾಗಿ ಹಿಡಿಯನ್ನು ಅತಿಯಾಗಿ ಇಳಿಸಿ ಸಾಹಸ ಮಾಡಬೇಡಿ.

ಹಳೆಯ ಬ್ಲೇಡ್ ಸುಳ್ಳು ಹೇಳುತ್ತದೆ

ನಿನ್ನೆಯವರೆಗೆ ಸರಿಯಿದ್ದ ಕೋನ ಇವತ್ತು ಕತ್ತರಿಸುತ್ತಿಲ್ಲ ಎಂದರೆ ಕೈ ತಾನಾಗಿಯೇ ಹಿಡಿಯನ್ನು ಇನ್ನೂ ಇಳಿಸುತ್ತದೆ. ತಪ್ಪು ಕೋನದ್ದಲ್ಲ, ಬ್ಲೇಡಿನದ್ದು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗಿದ್ದರೂ ಬ್ಲೇಡ್ ಮೊಂಡಾಗುತ್ತದೆ. ಯಾಕೆ ಎಂದು ಅಮೆರಿಕದ ಎಂಐಟಿಯ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿ 2020ರಲ್ಲಿ ಪ್ರಕಟಿಸಿದರು. ಅಂಚು ಸವೆದು ದುಂಡಾಗುವುದಕ್ಕಿಂತ ಹೆಚ್ಚಾಗಿ, ಸಣ್ಣ ಸಣ್ಣ ಚೂರಾಗಿ ಸಿಡಿದು ಹೋಗುತ್ತದೆ. ಅದರಲ್ಲೂ ಕೂದಲು ಬಾಗಿ ಬ್ಲೇಡಿಗೆ ಓರೆಯಾಗಿ ಸಿಕ್ಕಿದಲ್ಲಿ ಹೀಗಾಗುವುದು ಹೆಚ್ಚು.

ಆದ್ದರಿಂದ ಕೋನ ಕಲಿಯುವ ದಿನಗಳಲ್ಲಿ ಬ್ಲೇಡ್ ವಿಷಯದಲ್ಲಿ ಜಿಪುಣತನ ಬೇಡ. ಎಳೆದಂತಾದರೆ, ಕರಕರ ಸದ್ದು ಮಂಕಾದರೆ ಬದಲಿಸಿ. ಒಂದೇ ಬಗೆಯ ಬ್ಲೇಡನ್ನೇ ಬಳಸುತ್ತಿರಿ. ಒಂದೇ ವಾರದಲ್ಲಿ ಬ್ಲೇಡೂ ಬದಲು, ರೇಜರೂ ಬದಲು, ಸೋಪೂ ಬದಲು ಮಾಡಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಾದರೂ ಹೇಗೆ, ಅಲ್ವಾ? ಹಿಡಿಯಲ್ಲಿ ಅಂಕಿ ತಿರುಗಿಸುವ ಅಡ್ಜಸ್ಟಬಲ್ ರೇಜರ್ ಇದ್ದವರು ಅತಿ ಕಡಿಮೆ ಅಂಕಿಯಲ್ಲಿಟ್ಟು ಕಲಿಯಿರಿ. ಅಂಕಿ ಏರಿದಂತೆ ಬ್ಲೇಡಿಗೂ ಬಾರ್‌ಗೂ ನಡುವಿನ ಸಂದಿ ದೊಡ್ಡದಾಗುತ್ತದೆ, ತಪ್ಪಿಗೆ ಕ್ಷಮೆ ಕಡಿಮೆಯಾಗುತ್ತದೆ.

ಮುಗಿದ ಮೇಲೆ ಮುಖ ಓದಿ

ತಣ್ಣೀರಿನಲ್ಲಿ ಮುಖ ತೊಳೆದು, ಒದ್ದೆ ಚರ್ಮದ ಮೇಲೆ ಪಟಿಕದ ತುಂಡು ಆಡಿಸಿ. ಎಲ್ಲಿ ಚುರುಗುಟ್ಟುತ್ತದೆ ಎಂದು ಗಮನಿಸಿ. ಕೆನ್ನೆ ತಣ್ಣಗಿದ್ದು ದವಡೆಯ ಕೆಳಗೆ ಮಾತ್ರ ಚುರುಗುಟ್ಟಿದರೆ ಅಲ್ಲಿ ಹಿಡಿ ತಿರುಗಿಲ್ಲ. ಒಂದು ಜಾಗವಿಡೀ ಕೆಂಪಾಗಿ ಉರಿದರೆ ಬ್ಲೇಡ್ ಕೆರೆದಿದೆ. ಹಿಡಿಯನ್ನು ಮುಖದಿಂದ ಸ್ವಲ್ಪ ದೂರ ಎತ್ತಬೇಕು. ಸೂಜಿಮೊನೆಯಂಥ ರಕ್ತದ ಚುಕ್ಕೆಗಳು ಎದ್ದಿದ್ದರೆ ಒತ್ತಿದ್ದೀರಿ, ಅಥವಾ ಕೂದಲಿನ ಎದುರು ದಿಕ್ಕಿಗೆ ಅವಸರದಿಂದ ಹೋಗಿದ್ದೀರಿ. ಉರಿಯೂ ಇಲ್ಲ, ಗಡ್ಡವೂ ಹಾಗೇ ಇದೆ ಎಂದರೆ ಕ್ಯಾಪಿನ ಮೇಲೆ ತೀರಾ ಮಲಗಿಸಿದ್ದೀರಿ. ಇದು ಎಲ್ಲಕ್ಕಿಂತ ಸುಲಭದಲ್ಲಿ ಸರಿಹೋಗುವ ತಪ್ಪು.

ಮೊದಲ ಕೆಲವು ವಾರ ಕೂದಲಿನ ಜಾಡಿನಲ್ಲೇ ಒಂದು ಸುತ್ತು ಮಾಡಿ, ಬೇಕೆನಿಸಿದರೆ ಮತ್ತೆ ನೊರೆ ಹಚ್ಚಿ ಅಡ್ಡಕ್ಕೆ ಇನ್ನೊಂದು ಸುತ್ತು. ಎದುರು ದಿಕ್ಕಿನ ಸುತ್ತಿಗೆ ಅವಸರವಿಲ್ಲ. ಪಟಿಕ ಚುರುಗುಟ್ಟಿದ ಜಾಗವನ್ನು ಮುಂದಿನ ಸಲ ಕೊನೆಗೆ ಇಟ್ಟುಕೊಳ್ಳಿ. ಅಷ್ಟು ಹೊತ್ತಿಗೆ ಅಲ್ಲಿಯ ಕೂದಲು ನೊರೆಯಲ್ಲಿ ಇನ್ನಷ್ಟು ನೆನೆದಿರುತ್ತದೆ, ಕೆನ್ನೆಯ ಮೇಲೆ ಓಡಿದ ಕೈಗೂ ಆ ದಿನದ ಬ್ಲೇಡಿನ ಅಂದಾಜು ಸಿಕ್ಕಿರುತ್ತದೆ.